ಟಿಪ್ಸ್ ಕೊಡದಿದ್ದರೆ ಪೊಲೀಸರು ಹಿಡಿಯುತ್ತಾರಾ? ವಿದೇಶಕ್ಕೆ ಹೊರಟವರ ಗುಂಪಿನಲ್ಲಿ ಸುತ್ತುವ ಮಾತುಗಳ ಅಸಲಿಯತ್ತು

"ಅಮೆರಿಕದಲ್ಲಿ ಊಟ ಮಾಡಿ ಟಿಪ್ಸ್ ಕೊಡದೆ ಎದ್ದರೆ ಪೊಲೀಸ್ ಕೇಸ್." "ಜಪಾನಿನಲ್ಲಿ ಟಿಪ್ಸ್ ಕೊಟ್ಟರೆ ಅವಮಾನ." "ಟಿಪ್ಸ್ ಅಂದರೆ ಬೇಗ ಸೇವೆ ಸಿಗಲೆಂದು ಮುಂಗಡ ಕೊಡುವ ಹಣ, ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ನೋಡಿ." ಮಕ್ಕಳು ಹೊರದೇಶದಲ್ಲಿರುವ ಮನೆಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥ ಮಾತುಗಳು ಸುತ್ತುತ್ತಲೇ ಇರುತ್ತವೆ. ಚಿಂತಾಕಿ, ಔರಾದ, ಭಾಲ್ಕಿ ಕಡೆಯವರಿಗೂ ಇದು ದೂರದ ಸಂಗತಿಯಲ್ಲ. ಶಂಷಾಬಾದ್‌ನಲ್ಲಿ ವಿಮಾನ ಹತ್ತಿದರೆ ಕೆಲವೇ ಗಂಟೆಗಳಲ್ಲಿ ದುಬೈ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬರುವ ತಾಯಂದಿರೂ ಇದ್ದಾರೆ. ಹಾಗಾಗಿ ಈ ಮಾತುಗಳಲ್ಲಿ ನಿಜ ಎಷ್ಟು ಎಂದು ನೋಡೋಣ.

ಮೊದಲಕ್ಷರಗಳ ಕಥೆ ಶುದ್ಧ ಸುಳ್ಳು. 'ಟಿಪ್' ಎಂಬುದು ಇಂಗ್ಲಿಷಿನ ಹಳೆಯ ಆಡುಮಾತು, 'ಕೈಗೆ ಕೊಡು' ಎಂಬ ಅರ್ಥದ್ದು. ಮೊದಲಕ್ಷರದ ವಿವರಣೆಯನ್ನು ಎಷ್ಟೋ ಕಾಲದ ಮೇಲೆ ಯಾರೋ ಅಂಟಿಸಿದ್ದು. ನಮ್ಮ ಕಡೆ ಇದಕ್ಕೆ ಬಕ್ಷೀಸು ಎನ್ನುತ್ತೇವೆ. ಇದು ಕೊಡುವುದು ಎಂಬ ಅರ್ಥದ ಪಾರ್ಸಿ ಮೂಲದ ಪದ. ಬಹಮನಿಗಳ, ನಿಜಾಮರ ಕಾಲ ಕಂಡ ಬೀದರಿಗೆ ಇಂಥ ಪದಗಳು ಹೊಸವಲ್ಲ. ಕೈರೋದಲ್ಲಿ ಲಗೇಜ್ ಎತ್ತಿದವನು 'ಬಕ್ಷೀಶ್' ಎಂದು ಕೈಚಾಚಿದರೆ ಬೀದರಿನವರಿಗೆ ಅರ್ಥ ಹೇಳಿಕೊಡಬೇಕಿಲ್ಲ!

ಅಮೆರಿಕದಲ್ಲಿ ಅದು ಬಕ್ಷೀಸಲ್ಲ, ಸಂಬಳ

ಟಿಪ್ಸ್ ಕೊಡದಿರುವುದು ಅಮೆರಿಕದಲ್ಲಿ ಅಪರಾಧವಲ್ಲ. ಆದರೂ ಫಾರ್ವರ್ಡ್‌ನ ಹಿಂದೆ ಒಂದು ಎಳೆ ನಿಜವಿದೆ. 2009ರಲ್ಲಿ ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್ ಎಂಬ ಊರಿನಲ್ಲಿ ಇಬ್ಬರು ವಿದ್ಯಾರ್ಥಿಗಳ ಮೇಲೆ ಇಂಥ ಕೇಸ್ ಆಗಿತ್ತು. ದೊಡ್ಡ ಗುಂಪಿಗೆಂದು ಬಿಲ್ಲಿನಲ್ಲೇ ಸೇರಿಸಿದ್ದ 18% ಮೊತ್ತವನ್ನು, ಸೇವೆ ಸರಿಯಿಲ್ಲವೆಂದು ಅವರು ಕೊಟ್ಟಿರಲಿಲ್ಲ. ಆಮೇಲೆ ಆ ಕೇಸನ್ನು ಕೈಬಿಡಲಾಯಿತು. ಆರೋ ಎಂಟೋ ಜನ ಒಟ್ಟಿಗೆ ಹೋದಾಗ ಹೀಗೆ ತಾನಾಗಿ ಸೇರಿಸುವ ಹೋಟೆಲುಗಳು ಅಲ್ಲಿ ಬಹಳ. ಆದ್ದರಿಂದ ಬಿಲ್ ಓದದೆ ಮೇಲೆ ಮತ್ತೊಮ್ಮೆ ಟಿಪ್ಸ್ ಕೊಟ್ಟು ಬರುವವರೂ ಇದ್ದಾರೆ.

ಕೇಸ್ ಆಗುವುದಿಲ್ಲ ಅಂದರೆ ಕೊಡಬೇಕಿಲ್ಲ ಎಂದಲ್ಲ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಪಡೆಯುವ ಕೆಲಸಗಾರನಿಗೆ ಮಾಲೀಕ ತನ್ನ ಜೇಬಿನಿಂದ ಗಂಟೆಗೆ 2.13 ಡಾಲರ್ ಕೊಟ್ಟರೂ ಸಾಕು. ಈ ಅಂಕಿ 1991ರಿಂದ ಬದಲಾಗಿಲ್ಲ. ಉಳಿದದ್ದು ಟಿಪ್ಸ್‌ನಿಂದ ಬರಬೇಕು. ಬರದಿದ್ದರೆ ಮಾಲೀಕ ತುಂಬಿಕೊಡಬೇಕು ಎಂಬ ನಿಯಮವೇನೋ ಇದೆ, ಅದನ್ನು ಕೇಳಿ ಪಡೆಯುವುದು ಕೆಲಸಗಾರನಿಗೆ ಸುಲಭವಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳಲ್ಲಿ ಮಾತ್ರ ಟಿಪ್ಸ್ ಲೆಕ್ಕಕ್ಕೆ ಹಿಡಿಯದೆ ಪೂರ್ತಿ ಕನಿಷ್ಠ ಕೂಲಿ ಕೊಡಬೇಕು. ಮತ್ತೂ ಒಂದು ಮಾತು. ಎಷ್ಟೋ ಹೋಟೆಲುಗಳಲ್ಲಿ ಬಡಿಸುವವರು ತಮ್ಮ ಮಾರಾಟದ ಒಂದು ಪಾಲನ್ನು ಟೇಬಲ್ ಒರೆಸುವವರಿಗೆ, ಪಾನೀಯ ಕೊಡುವವರಿಗೆ ಹಂಚಬೇಕು. ನೀವು ಏನೂ ಕೊಡದೆ ಎದ್ದರೆ ಆ ಪಾಲು ಅವರ ಕೈಯಿಂದಲೇ ಹೋಗಬಹುದು.

ನಮ್ಮವರು ಎಡವುವುದು ಲೆಕ್ಕದಲ್ಲಿ. 50 ಡಾಲರ್ ಊಟಕ್ಕೆ 18% ಅಂದರೆ 9 ಡಾಲರ್. ತಕ್ಷಣ ಮನಸ್ಸು ಅದನ್ನು ರೂಪಾಯಿಗೆ ತಿರುಗಿಸುತ್ತದೆ, "ಔರಾದದಾಗ ಇಷ್ಟಕ್ಕೆ ಮನೀ ಮಂದಿಯೆಲ್ಲ ಉಣಬೌದಿತ್ತಲ್ಲೋ" ಎಂಬ ಮಾತು ಬರುತ್ತದೆ. ಮಾತು ಸರಿಯೇ. ಆದರೆ ಬಡಿಸಿದವರ ಮನೆಬಾಡಿಗೆಯೂ ಡಾಲರಿನಲ್ಲೇ ಇರುತ್ತದೆ. ಕುಳಿತು ಉಣ್ಣುವ ಕಡೆ 15ರಿಂದ 20% ವಾಡಿಕೆ, ತೆರಿಗೆ ಸೇರುವ ಮೊದಲಿನ ಮೊತ್ತದ ಮೇಲೆ. ಕೌಂಟರಿನಲ್ಲಿ ಕಾಫಿ ಕೊಂಡಾಗ ಪರದೆ ತಿರುಗಿಸಿ 18, 20, 25 ಎಂದು ತೋರಿಸಿದರೆ 'ನೋ ಟಿಪ್' ಒತ್ತಲು ಸಂಕೋಚ ಬೇಡ. ಅದು ಯಂತ್ರದ ಸೆಟ್ಟಿಂಗ್ ಅಷ್ಟೇ, ಕಾನೂನಲ್ಲ.

ಜಪಾನಿನ ಮಾತು ಬಹುಪಾಲು ನಿಜ. ಅಲ್ಲಿ ಟಿಪ್ಸ್ ಪದ್ಧತಿಯೇ ಇಲ್ಲ. ಯಾರೂ ಮುಖಕ್ಕೆ ಎಸೆಯುವುದಿಲ್ಲ, ನೀವು ಮರೆತು ಬಿಟ್ಟಿರಿ ಎಂದು ಹಿಂದೆ ಓಡಿಬಂದು ಹಣ ವಾಪಸ್ ಕೊಟ್ಟಾರು. ಸಿಂಗಪುರದ ರೆಸ್ಟೋರೆಂಟ್ ಬಿಲ್ಲಿನಲ್ಲಿ ಸಾಮಾನ್ಯವಾಗಿ 10% ಸೇವಾ ಶುಲ್ಕ ಸೇರಿರುತ್ತದೆ, ಮೇಲೆ ಕೊಡುವ ರೂಢಿಯಿಲ್ಲ. ಫ್ರಾನ್ಸಿನಲ್ಲಿ ಸೇವೆಯ ಹಣ ತಿಂಡಿಯ ದರದೊಳಗೇ ಇರುತ್ತದೆ. ಬ್ರಿಟನ್ನಿನಲ್ಲಿ 12.5% ಎಂದು ಬಿಲ್ಲಿಗೆ ಸೇರಿಸಿ ಪಕ್ಕದಲ್ಲಿ 'ಐಚ್ಛಿಕ' ಎಂದು ಬರೆದಿದ್ದರೆ, ತೆಗೆಸಬಹುದು. ಆ ಹಣವನ್ನು ಮಾಲೀಕ ಇಟ್ಟುಕೊಳ್ಳದೆ ಪೂರ್ತಿ ಕೆಲಸಗಾರರಿಗೆ ಹಂಚಬೇಕೆಂಬ ಕಾನೂನು ಅಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಗಲ್ಫ್ ಮತ್ತು ವ್ಹೀಲ್‌ಚೇರ್

ದುಬೈನಲ್ಲಿ ಟಿಪ್ಸ್ ಕಡ್ಡಾಯವಲ್ಲ. ಅನೇಕ ರೆಸ್ಟೋರೆಂಟುಗಳ ಬಿಲ್ಲಿನಲ್ಲಿ ಸೇವಾ ಶುಲ್ಕವಿರುತ್ತದೆ, ಆದರೆ ಅದು ಬಡಿಸಿದವನ ಕೈ ಸೇರುತ್ತದೆಂಬ ಖಾತ್ರಿಯಿಲ್ಲ. ಅಲ್ಲಿ ಸಾಮಾನು ಹೊರುವವನು, ಕೋಣೆ ಗುಡಿಸುವವನು ನಮ್ಮ ಜಿಲ್ಲೆಯವನೇ ಇರಬಹುದು, ಊರಿಗೆ ದುಡ್ಡು ಕಳಿಸಲು ದಿನ ಎಣಿಸುತ್ತಿರಬಹುದು. ಕೊಡುವ ಮನಸ್ಸಿದ್ದರೆ ನೋಟನ್ನು ನೇರ ಅವನ ಕೈಗೇ ಕೊಡಿ.

ವಯಸ್ಸಾದ ತಂದೆತಾಯಿಗೆ ಮಕ್ಕಳು ವ್ಹೀಲ್‌ಚೇರ್ ಬುಕ್ ಮಾಡುವುದು ಈಗ ಸಾಮಾನ್ಯ. ತಳ್ಳಿಕೊಂಡು ಹೋದವರು ಕೊನೆಗೆ ಸುಮ್ಮನೆ ನಿಂತಾಗ ಹಿರಿಯರು ಗಾಬರಿಯಾಗುತ್ತಾರೆ, ಇದಕ್ಕೂ ಫೀ ಇದೆಯೇನೋ ಎಂದು. ನಡೆಯಲಾಗದವರಿಗೆ ಈ ಸೇವೆ ಅಮೆರಿಕದಲ್ಲೂ ಯುರೋಪಿನಲ್ಲೂ ಕಾನೂನು ಪ್ರಕಾರ ಉಚಿತ. ಅಮೆರಿಕದಲ್ಲಿ ಖುಷಿಯಿಂದ ಕೆಲವು ಡಾಲರ್ ಕೊಡುವ ವಾಡಿಕೆಯಿದೆ. ಕೊಡದಿದ್ದರೆ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಹೊರಡುವ ಮೊದಲು ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ, ಜೇಬಿನಲ್ಲಿ ಒಂದೊಂದು ಡಾಲರಿನ ಐದಾರು ನೋಟು ಇಡಿ.

ಇನ್ನು ನಮ್ಮ ದೇಶದ ಮಾತು. ಹೋಟೆಲು ತಾನಾಗಿ ಬಿಲ್ಲಿಗೆ ಸೇವಾ ಶುಲ್ಕ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಲು ಹೇಳಿ, ಒಪ್ಪದಿದ್ದರೆ 1915ಕ್ಕೆ ಕರೆ ಮಾಡಬಹುದು.

ಕೊನೆಯದಾಗಿ, ನೆನಪಿಗಿರಲಿ ಎಂದು ವಿದೇಶಿ ಹೋಟೆಲಿನವರಿಗೆ ನಮ್ಮ ಹತ್ತು ರೂಪಾಯಿ ನಾಣ್ಯ ಕೊಟ್ಟು ಬರುವವರಿದ್ದಾರೆ. ನಾಣ್ಯವನ್ನು ಹಣ ಬದಲಿಸುವ ಅಂಗಡಿಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆ ದೇಶದ ಚಿಕ್ಕ ನೋಟು ಕೊಡಿ.