ಹಿಮದ ನಾಡಿನ ಹಲಗೆ: ಹೊಟ್ಟು, ಪ್ಲಾಸ್ಟಿಕ್ ಚೀಲ ಮತ್ತು ಕಸುಬು ಬಲ್ಲ ಕೈ

ಅಮೆರಿಕದ ಉತ್ತರದಂಚಿನ ಮಿನೆಸೋಟಾದಲ್ಲಿ ಸ್ವಂತ ಮನೆಯೆಂದರೆ ಅದರ ಹಿಂಬದಿಗೊಂದು ಡೆಕ್ ಇರಬೇಕು ಎನ್ನುವಷ್ಟು ಆ ರೂಢಿ ಬೇರುಬಿಟ್ಟಿದೆ. ನಮ್ಮ ಹಳ್ಳಿಮನೆಯ ಜಗಲಿಯನ್ನು ಬೀದಿಯಿಂದ ಹಿತ್ತಿಲಿಗೆ ತಿರುಗಿಸಿ, ಕಂಬಗಳ ಮೇಲೆ ಎತ್ತಿ ನಿಲ್ಲಿಸಿದರೆ ಹೇಗೋ ಹಾಗೆ. ಜನವರಿಯಲ್ಲಿ ಮೈನಸ್ 30 ಡಿಗ್ರಿಗೆ ಇಳಿಯಬಲ್ಲ ಊರಿನಲ್ಲಿ, ಜುಲೈ ತಿಂಗಳಲ್ಲಿ 35 ಡಿಗ್ರಿ ಮುಟ್ಟುವ ಬಿಸಿಲೂ ಇದೆ. ಸಿಗುವ ನಾಲ್ಕೈದು ತಿಂಗಳ ಹಿತವಾದ ಹವೆಯನ್ನು ಜನ ಡೆಕ್ಕಿನ ಮೇಲೆಯೇ ಕಳೆಯುತ್ತಾರೆ. ಮಿನಿಯಾಪೊಲಿಸ್, ಟೊರಾಂಟೊ, ಕ್ಯಾಲ್ಗರಿಯಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಬೇಸಿಗೆಯ ಊಟ, ಮಕ್ಕಳ ಹುಟ್ಟುಹಬ್ಬ, ಊರಿನಿಂದ ಬಂದ ಅಪ್ಪ ಅಮ್ಮನ ಸಂಜೆಯ ಕಾಫಿ, ಎಲ್ಲಕ್ಕೂ ಅದೇ ಜಾಗ.

ಆ ಡೆಕ್ಕಿಗೆ ಈಗ ಅನೇಕರು ಆರಿಸುವುದು ಅಪ್ಪಟ ಮರವನ್ನಲ್ಲ. ಮರದ ಹೊಟ್ಟು ಮತ್ತು ಪ್ಲಾಸ್ಟಿಕ್ ಬೆರೆಸಿ ಎರಕ ತೆಗೆದ ಕಾಂಪೊಸಿಟ್ ಹಲಗೆಯನ್ನು. ದರ ಹೆಚ್ಚು, ಆದರೆ ವರ್ಷ ಬಿಟ್ಟು ವರ್ಷ ಬಣ್ಣ ಬಳಿಯುವ ಕೆಲಸವಿಲ್ಲ, ಸೀಳು ಏಳುವುದಿಲ್ಲ, ಬರಿಗಾಲಿಗೆ ಚೂರು ಚುಚ್ಚುವುದಿಲ್ಲ. ಈ ಹಲಗೆ ಹುಟ್ಟಿದ ಬಗೆಯನ್ನು ಹಿಂಬಾಲಿಸಿ ಹೋದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಹಲಗೆ ಸುಧಾರಿಸಿದಷ್ಟೂ ಅದನ್ನು ಕೂರಿಸುವವನ ಹೊಣೆ ಹೆಚ್ಚುತ್ತಲೇ ಬಂದಿದೆ. ಚಳಿನಾಡಿನಲ್ಲಂತೂ ಹಲಗೆ ಕೊಳ್ಳುವ ದುಡ್ಡಿಗಿಂತ ಕೂರಿಸುವವನನ್ನು ಹುಡುಕುವ ತಾಳ್ಮೆಯೇ ಮುಖ್ಯ.

ಡೆಹ್ರಾಡೂನಿನಿಂದ ಹೊರಟ ದಾರಿ

ಎರಡನೇ ಮಹಾಯುದ್ಧದ ನಂತರ ಅಮೆರಿಕದ ನಗರಗಳು ಹೊರವಲಯಕ್ಕೆ ಹಬ್ಬಿದವು. ಮನೆಯ ಮುಂದಿನ ಪಡಸಾಲೆ ಸಣ್ಣದಾಯಿತು, ಹಿತ್ತಿಲು ದೊಡ್ಡದಾಯಿತು. ಪಶ್ಚಿಮ ಕರಾವಳಿಯವರಿಗೆ ರೆಡ್‌ವುಡ್, ಸೀಡರ್ ಮರಗಳಿದ್ದವು. ಅವು ತಾವಾಗಿಯೇ ಕೊಳೆಯನ್ನು ತಡೆಯುತ್ತವೆ. ಉಳಿದವರಿಗೆ ಅಗ್ಗವಾಗಿ ಸಿಗುತ್ತಿದ್ದದ್ದು ಪೈನ್ ಮರ. ಅದನ್ನು ಮಳೆ ಹಿಮಕ್ಕೆ ಒಡ್ಡಿದರೆ ಕೆಲವೇ ವರ್ಷಗಳಲ್ಲಿ ಕೊಳೆತುಹೋಗುತ್ತಿತ್ತು.

ಪೈನ್ ಮರವನ್ನು ಬಾಳಿಕೆಗೆ ತಂದ ಮದ್ದು ಭಾರತದ್ದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ವಿಜ್ಞಾನಿ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿಸಿ ಮರಕ್ಕೆ ಉಣಿಸುವ ದ್ರಾವಣವನ್ನು ರೂಪಿಸಿದರು. ತಾಮ್ರ ಶಿಲೀಂಧ್ರವನ್ನು ತಡೆಯಿತು, ಆರ್ಸೆನಿಕ್ ಗೆದ್ದಲನ್ನು ಕೊಂದಿತು, ಕ್ರೋಮಿಯಂ ಎರಡನ್ನೂ ಮರದ ನಾರಿಗೆ ಅಂಟಿಸಿ ಹಿಡಿಯಿತು. ಒತ್ತಡ ಕೊಟ್ಟು ಈ ದ್ರಾವಣ ತುಂಬಿಸಿದ ತಿಳಿಹಸಿರು ಪೈನ್ 1970ರ ದಶಕದಿಂದ ಅಮೆರಿಕದ ಹಿತ್ತಿಲುಗಳನ್ನೆಲ್ಲ ಆವರಿಸಿತು.

ಮಕ್ಕಳು ತೆವಳಾಡುವ ಹಲಗೆಯಲ್ಲಿ ಆರ್ಸೆನಿಕ್ ಇದೆಯೆಂಬ ಆತಂಕ ಮುಂದೆ ಬಲವಾಯಿತು. 2002ರ ಫೆಬ್ರುವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಮನೆಬಳಕೆಯ ಮರಕ್ಕೆ ಈ ಮದ್ದನ್ನು ನಿಲ್ಲಿಸಲು ತಯಾರಕರು ಒಪ್ಪಿದ್ದಾರೆಂದು ಪ್ರಕಟಿಸಿತು. 2003ರ ಕೊನೆಗೆ ಅದು ಜಾರಿಗೆ ಬಂತು. ಬದಲಿಗೆ ಬಂದ ದ್ರಾವಣಗಳಲ್ಲಿ ತಾಮ್ರದ ಪಾಲು ಹೆಚ್ಚು. ತಾಮ್ರ ಹೆಚ್ಚಾದರೆ ಸಾದಾ ಉಕ್ಕಿನ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ದಪ್ಪ ಸತುವಿನ ಲೇಪವಿರುವ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಮೊಳೆ, ಬೋಲ್ಟುಗಳನ್ನೇ ಬಳಸಬೇಕಾಯಿತು. ಡೆಕ್ ಕಟ್ಟುವವನು ರಸಾಯನದ ಲೆಕ್ಕವನ್ನೂ ಅರಿತಿರಬೇಕಾದ ಕಾಲ ಅಲ್ಲಿಂದ ಶುರುವಾಯಿತು.

ಹೊಟ್ಟು ಮತ್ತು ದಿನಸಿ ಚೀಲ

ಅಷ್ಟರಲ್ಲಿ ಕಾಂಪೊಸಿಟ್ ಹಲಗೆ ಅಂಗಡಿಗೆ ಬಂದಾಗಿತ್ತು. ಮರದ ಪುಡಿಯನ್ನು ಪ್ಲಾಸ್ಟಿಕ್ಕಿಗೆ ಬೆರೆಸುವುದು ಹಳೆಯ ವಿದ್ಯೆ. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ಬೇಕಲೈಟಿನಲ್ಲೂ ಮರದ ಪುಡಿ ಬೀಳುತ್ತಿತ್ತು. ಆದರೆ ಹೊರಾಂಗಣದ ಹಲಗೆಗೆ ಆ ಯೋಚನೆ ಹರಿದದ್ದು ಪ್ಲಾಸ್ಟಿಕ್ ಕಸದ ಚಿಂತೆ ಹೊತ್ತಿದ 1980ರ ದಶಕದ ಕೊನೆಗೆ. ರೋಜರ್ ವಿಟೆನ್‌ಬರ್ಗ್ ಎಂಬ ಉದ್ಯಮಿ ಮರದ ಹೊಟ್ಟು ಮತ್ತು ಬಳಸಿ ಬಿಟ್ಟ ಪಾಲಿಥಿಲೀನ್ ಹಾಳೆಗಳನ್ನು ಕರಗಿಸಿ ಹಲಗೆ ತೆಗೆಯುವ ವಿಧಾನ ಕಂಡುಕೊಂಡರು.

ಅದೇ ಹೊತ್ತಿಗೆ ತೈಲ ಕಂಪನಿ ಮೊಬಿಲ್ ತನ್ನ ಕಸದ ಚೀಲಗಳು ಮಣ್ಣಲ್ಲಿ ಕರಗುತ್ತವೆಂದು ಜಾಹೀರಾತು ಕೊಟ್ಟು ಹಲವು ರಾಜ್ಯಗಳಿಂದ ಮೊಕದ್ದಮೆ ಎದುರಿಸಿತ್ತು. ಹಳೆಯ ಪ್ಲಾಸ್ಟಿಕ್ಕಿಗೆ ಮರುಬಳಕೆಯ ದಾರಿ ಅದಕ್ಕೂ ಬೇಕಿತ್ತು. 1992ರಲ್ಲಿ ಮೊಬಿಲ್ ವಿಟೆನ್‌ಬರ್ಗರ ತಂತ್ರಜ್ಞಾನವನ್ನು ಕೊಂಡಿತು. 1996ರಲ್ಲಿ ಮೊಬಿಲ್‌ನ ನಾಲ್ವರು ಅಧಿಕಾರಿಗಳು ಆ ವಿಭಾಗವನ್ನೇ ಖರೀದಿಸಿ ವರ್ಜೀನಿಯಾದ ವಿಂಚೆಸ್ಟರಿನಲ್ಲಿ ಟ್ರೆಕ್ಸ್ ಕಂಪನಿಯಾಗಿ ಬೆಳೆಸಿದರು. 500 ಚದರಡಿಯ ಒಂದು ಡೆಕ್ಕಿನಲ್ಲಿ ಸುಮಾರು 1,40,000 ಪ್ಲಾಸ್ಟಿಕ್ ಚೀಲಗಳು ಸೇರಿಹೋಗುತ್ತವೆ ಎಂಬುದು ಆ ಕಂಪನಿಯ ಲೆಕ್ಕ. ಮಿನೆಸೋಟಾದ್ದೇ ಆದ ಆ್ಯಂಡರ್ಸನ್ ಕಂಪನಿ ಬೇಪೋರ್ಟ್ ಊರಿನ ತನ್ನ ಕಾರ್ಖಾನೆಯ ಹೊಟ್ಟನ್ನು ಪಿವಿಸಿಗೆ ಬೆರೆಸಿ ಕಿಟಕಿ ಚೌಕಟ್ಟು ಮಾಡತೊಡಗಿದ್ದೂ ಆ ದಶಕದಲ್ಲೇ.

ಚಳಿ ಒಡ್ಡಿದ ಪರೀಕ್ಷೆ

ಮೊದಲ ತಲೆಮಾರಿನ ಹಲಗೆಗಳಲ್ಲಿ ಒಂದು ಕೊರತೆ ಉಳಿಯಿತು. ಮರದ ನಾರು ಪೂರ್ತಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಹೋಗಿರುತ್ತದೆ ಎಂದು ಎಣಿಸಿದ್ದು ನಿಜವಾಗಲಿಲ್ಲ. ಮೇಲ್ಮೈಯ ನಾರು ನೀರು ಕುಡಿಯಿತು, ಕಪ್ಪು ಬೂಷ್ಟಿನ ಚುಕ್ಕೆಗಳು ಎದ್ದವು, ಬಣ್ಣ ಬಿಳಿಚಿತು. ಕುಡಿದ ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಈ ಎಳೆದಾಟ ನಿತ್ಯವೂ ನಡೆಯುತ್ತದೆ. ದೂರುಗಳು ನ್ಯಾಯಾಲಯದ ತನಕ ಹೋದವು.

ಉತ್ತರವಾಗಿ ಬಂದದ್ದು ಹೊದಿಕೆಯ ಹಲಗೆ. 2010ರ ಆಸುಪಾಸಿನಿಂದ ತಯಾರಕರು ಹೊಟ್ಟಿನ ತಿರುಳಿನ ಸುತ್ತ ಗಟ್ಟಿ ಪ್ಲಾಸ್ಟಿಕ್ಕಿನ ತೆಳು ಪದರವನ್ನು ಎರಕದಲ್ಲೇ ಹೊದಿಸತೊಡಗಿದರು. ಇವತ್ತು ಚಳಿನಾಡಿನವರು ಮೊದಲು ನೋಡಬೇಕಾದದ್ದು ಆ ಪದರವನ್ನೇ. ಹಲಗೆಯ ಮಾದರಿ ತುಂಡನ್ನು ಕೈಗೆತ್ತಿಕೊಂಡು ತುದಿ ನೋಡಿದರೆ ಒಳಗಿನ ಕಂದು ತಿರುಳು, ಅದರ ಸುತ್ತಲಿನ ಬಣ್ಣದ ಅಂಚು ಬೇರೆಬೇರೆಯಾಗಿ ಕಾಣುತ್ತವೆ. ಕೆಲವದರಲ್ಲಿ ಅಂಚು ಮೂರೇ ಬದಿಗಿರುತ್ತದೆ, ಕೆಳಬದಿ ಬರಿದು. ಹಿಮ ರಾಶಿ ಬೀಳುವ, ನೆಲಕ್ಕೆ ಹತ್ತಿರವಾದ ಡೆಕ್ಕಿಗೆ ನಾಲ್ಕೂ ಬದಿ ಹೊದಿಕೆ ಇರುವುದು ಮೇಲು. ಹೊಟ್ಟೇ ಇಲ್ಲದ ಅಪ್ಪಟ ಪಿವಿಸಿ ಹಲಗೆ ನೀರನ್ನು ಬಹುಮಟ್ಟಿಗೆ ಕುಡಿಯುವುದೇ ಇಲ್ಲ. ಬೆಲೆ ಇನ್ನಷ್ಟು ಹೆಚ್ಚು, ಹಿಗ್ಗು ಕುಗ್ಗೂ ಹೆಚ್ಚು.

ಎರಡನೆಯದು ಮಾನದಂಡದ ಗುರುತು. ಅಮೆರಿಕದ ಮನೆಕಟ್ಟುವ ನಿಯಮಾವಳಿ ಕಾಂಪೊಸಿಟ್ ಹಲಗೆಗೆ ಎಎಸ್‌ಟಿಎಂ ಡಿ7032 ಎಂಬ ಮಾನದಂಡವನ್ನು ಕೇಳುತ್ತದೆ. ಅದರಲ್ಲಿ ಚಳಿಯದೇ ಒಂದು ಪರೀಕ್ಷೆಯಿದೆ: ಹಲಗೆಯನ್ನು 24 ಗಂಟೆ ನೀರಲ್ಲಿ ಮುಳುಗಿಸಿ, 24 ಗಂಟೆ ಮೈನಸ್ 29 ಡಿಗ್ರಿಯಲ್ಲಿಟ್ಟು, ಮತ್ತೆ ಕೋಣೆಯ ಹವೆಗೆ ತಂದು, ಹೀಗೆ ಮೂರು ಸುತ್ತು ಮುಗಿಸಿದ ಮೇಲೆ ಅದರ ಬಲವನ್ನು ಅಳೆಯುತ್ತಾರೆ. ಮೂರನೆಯದು ಮೈಯ ತರಿ ಮತ್ತು ಬಣ್ಣ. ನುಣುಪು ಹಲಗೆ ಮಂಜುಗಡ್ಡೆ ಕಟ್ಟಿದಾಗ ಜಾರುತ್ತದೆ. ಗಾಢ ಬಣ್ಣದ್ದು ಜುಲೈ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಹಿಮ ತೆಗೆಯಲು ಪ್ಲಾಸ್ಟಿಕ್ ಸಲಿಕೆಯೇ ಬೇಕು, ಅದೂ ಹಲಗೆಯ ಉದ್ದಕ್ಕೆ ತಳ್ಳಬೇಕು. ಲೋಹದ ಅಂಚು ತಾಗಿದರೆ ಹೊದಿಕೆ ಗೀರುಬೀಳುತ್ತದೆ.

ಒಂದು ಸೆಂಟಿಮೀಟರಿನ ಲೆಕ್ಕ

ಹಲಗೆ ಆರಿಸಿದರೆ ಅರ್ಧ ಕೆಲಸವೂ ಆಗಿಲ್ಲ. ಮರ ಉದ್ದಕ್ಕೆ ಹಿಗ್ಗುವುದು ಕಡಿಮೆ; ಪ್ಲಾಸ್ಟಿಕ್ ಬೆರೆತದ್ದು ಹಾಗಲ್ಲ. 16 ಅಡಿಯ ಕಾಂಪೊಸಿಟ್ ಹಲಗೆ 50 ಡಿಗ್ರಿಯ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ 1 ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ ಅಥವಾ ಗಿಡ್ಡವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ತುದಿಗೆ ತುದಿ ಬಿಗಿಯಾಗಿ ಜೋಡಿಸಿದ ಹಲಗೆಗಳ ನಡುವೆ ಚಳಿಗಾಲದಲ್ಲಿ ಬೆರಳು ತೂರುವ ಸಂದು ಬೀಳುತ್ತದೆ. ಚಳಿಯಲ್ಲಿ ಸಂದಿಲ್ಲದೆ ಕೂರಿಸಿದ್ದು ಬೇಸಿಗೆಗೆ ಒಂದನ್ನೊಂದು ದಬ್ಬಿ ಉಬ್ಬುತ್ತದೆ.

ಕಸುಬು ಬಲ್ಲವನ ಕೈ ಇಲ್ಲಿ ಕಾಣುತ್ತದೆ. ಅವನು ಹಲಗೆಗಳನ್ನು ಕೆಲಸದ ಜಾಗದಲ್ಲೇ ಮೊದಲು ಇಟ್ಟು ಅಲ್ಲಿನ ಹವೆಗೆ ಹೊಂದಲು ಬಿಡುತ್ತಾನೆ, ಅರ್ಧ ಬಿಸಿಲಲ್ಲಿ ಅರ್ಧ ನೆರಳಲ್ಲಿ ಇಟ್ಟದ್ದನ್ನು ಒಂದೇ ಅಳತೆಗೆ ಕತ್ತರಿಸುವುದಿಲ್ಲ. ಆ ದಿನದ ಉಷ್ಣಾಂಶ ನೋಡಿ, ತಯಾರಕರ ಪಟ್ಟಿಯಲ್ಲಿ ಅದಕ್ಕೆ ಹೇಳಿದ ಸಂದನ್ನೇ ಬಿಡುತ್ತಾನೆ. ಚಳಿಗೆ ಗಡುಸಾದ ಹಲಗೆಯ ತುದಿ ಸೀಳದಂತೆ ಮೊದಲು ತೂತು ಕೊರೆದು ಆಮೇಲೆ ಸ್ಕ್ರೂ ತಿರುಗಿಸುತ್ತಾನೆ.

ಕಾಂಪೊಸಿಟ್ ಹಲಗೆ ಮರಕ್ಕಿಂತ ಹೆಚ್ಚು ಬಳುಕುತ್ತದೆ. ಅದಕ್ಕೆ ಅಡಿಯ ಜಂತೆಗಳು 16 ಇಂಚಿಗೊಂದರಂತೆ ಇರಬೇಕು, ಹಲಗೆ ಓರೆಯಾಗಿ ಹಾಸುವುದಾದರೆ 12 ಇಂಚಿಗೊಂದು. 24 ಇಂಚಿಗೊಂದು ಜಂತೆಯಿರುವ ಹಳೆಯ ಚೌಕಟ್ಟಿನ ಮೇಲೆ ಹೊಸ ಹಲಗೆ ಹಾಸಿಕೊಡುತ್ತೇನೆ, ದುಡ್ಡು ಉಳಿಯುತ್ತದೆ ಎನ್ನುವವರನ್ನು ಅಲ್ಲಿಂದಲೇ ಕಳಿಸಿಬಿಡಬೇಕು. ಹಲಗೆಗೆ 25 ವರ್ಷ, ಕೆಲವಕ್ಕೆ 50 ವರ್ಷದ ವಾರಂಟಿ ಇದ್ದರೂ ಅದನ್ನು ಹೊರುವ ಚೌಕಟ್ಟು ಬಹುತೇಕ ಮದ್ದು ಉಣಿಸಿದ ಪೈನ್ ಮರವೇ. ಜಂತೆಯ ನೆತ್ತಿಗೆ ನೀರು ಇಳಿಯದಂತೆ ಅಂಟುಪಟ್ಟಿ ಹಾಕುವುದು ಅಲ್ಪ ಖರ್ಚಿನ ದೊಡ್ಡ ಉಪಕಾರ.

ನೆಲವೇ ಮೇಲೇಳುವ ಊರು

ಚಳಿನಾಡಿನ ಅಸಲಿ ಸವಾಲು ಹಲಗೆಯಲ್ಲಿಲ್ಲ, ಮಣ್ಣಿನಲ್ಲಿದೆ. ಹೆಪ್ಪುಗಟ್ಟಿದ ನೆಲ ಏಕೆ ಉಬ್ಬುತ್ತದೆ ಎಂಬುದಕ್ಕೆ ನೀರು ಹಿಗ್ಗುವುದೇ ಕಾರಣವೆಂದು ಬಹುಕಾಲ ನಂಬಿದ್ದರು. ದಕ್ಷಿಣ ಕೆರೊಲಿನಾದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1929-30ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ನೋಡಿದರು. ಬೆಂಜೀನ್ ಗಟ್ಟಿಯಾದಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಹೆಪ್ಪುಗಟ್ಟುವ ಪದರ ಕೆಳಗಿನ ತೇವವನ್ನು ತನ್ನತ್ತ ಹೀರಿಕೊಳ್ಳುತ್ತ ದಪ್ಪವಾಗುತ್ತ ಹೋಗುತ್ತದೆ. ಮೇಲಿರುವುದನ್ನೆಲ್ಲ ಎತ್ತುವ ಬಲ ಅಲ್ಲಿಂದ ಬರುತ್ತದೆ. ನುಣ್ಣನೆಯ ಮೆಕ್ಕಲು ಮಣ್ಣಿನಲ್ಲಿ ಈ ಕಾಟ ಹೆಚ್ಚು.

ಇದಕ್ಕೆ ಪರಿಹಾರ ಒಂದೇ: ಕಂಬದ ಪಾಯ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿರಬೇಕು. ಮಿನೆಸೋಟಾದ ದಕ್ಷಿಣ ಭಾಗದಲ್ಲಿ ನಿಯಮ ಹೇಳುವುದು 42 ಇಂಚು, ಉತ್ತರ ಭಾಗದಲ್ಲಿ 60 ಇಂಚು. ಟೊರಾಂಟೊದಲ್ಲಿ 1.2 ಮೀಟರ್. ಪಾಯ ಮೇಲೆಯೇ ನಿಂತರೆ ಮನೆ ಅಲುಗದೆ ಇರುವಾಗ ಡೆಕ್ ಮಾತ್ರ ಪ್ರತಿ ಚಳಿಗಾಲ ಎದ್ದು ಪ್ರತಿ ವಸಂತದಲ್ಲಿ ಇಳಿಯುತ್ತದೆ. ಆ ಎಳೆತವೆಲ್ಲ ಬೀಳುವುದು ಡೆಕ್ಕನ್ನು ಮನೆಗೋಡೆಗೆ ಬಿಗಿದ ಅಡ್ಡಹಲಗೆಯ ಮೇಲೆ. ಅದನ್ನು ಬರಿಯ ಮೊಳೆ ಹೊಡೆದು ನಿಲ್ಲಿಸಬಾರದು. ಬೋಲ್ಟ್ ಅಥವಾ ಅದಕ್ಕೆಂದೇ ಇರುವ ದಪ್ಪ ಸ್ಕ್ರೂ ಬೇಕು, ಗೋಡೆಯೊಳಕ್ಕೆ ನೀರು ಇಳಿಯದಂತೆ ಮೇಲೆ ತಗಡಿನ ಮಡಿಕೆ ಬೇಕು.

2003ರ ಜೂನ್ 29ರಂದು ಷಿಕಾಗೋದಲ್ಲಿ ಸಂತೋಷಕೂಟವೊಂದರ ನಡುವೆ ಮೂರಂತಸ್ತಿನ ಮರದ ಪಡಸಾಲೆ ಕುಸಿದು 13 ಮಂದಿ ಯುವಜನರು ತೀರಿಕೊಂಡರು. ಹೊರೆ ಹೊರುವ ಚೌಕಟ್ಟು ಮತ್ತು ಜೋಡಣೆಗಳ ಬಗ್ಗೆ ದೇಶವೇ ಎಚ್ಚೆತ್ತ ಘಟನೆ ಅದು.

ಯಾರ ಕೈಗೆ ಕೊಡಬೇಕು

ಮಿನೆಸೋಟಾದಲ್ಲಿ ಮನೆಗೆಲಸದ ಗುತ್ತಿಗೆದಾರರಿಗೆ ಪರವಾನಗಿ ಕೊಡುವುದು ರಾಜ್ಯದ ಕಾರ್ಮಿಕ ಮತ್ತು ಕೈಗಾರಿಕಾ ಇಲಾಖೆ. ಪರವಾನಗಿ ಸಂಖ್ಯೆ ಕೇಳಿ, ಇಲಾಖೆಯಲ್ಲಿ ತಾಳೆ ನೋಡುವುದು ಮೊದಲ ಹೆಜ್ಜೆ. ಪರವಾನಗಿ ಇರುವವನಿಂದ ಮೋಸವಾದರೆ ಪರಿಹಾರ ಕೇಳಲು ರಾಜ್ಯದ ನಿಧಿಯೊಂದಿದೆ. ಇಲ್ಲದವನಿಗೆ ಕೆಲಸ ಕೊಟ್ಟವರಿಗೆ ಆ ಆಸರೆ ಇಲ್ಲ. ಅಗ್ಗದ ದರ ಹೇಳಿ, ನಗರದ ಅನುಮತಿಯನ್ನು ನಿಮ್ಮ ಹೆಸರಲ್ಲೇ ತೆಗೆಸಿ ಎನ್ನುವವನಿದ್ದರೆ ಹುಷಾರಾಗಬೇಕು. ಅನುಮತಿ ಗುತ್ತಿಗೆದಾರನ ಹೆಸರಿನಲ್ಲಿರಬೇಕು, ವಿಮೆಯ ಪತ್ರ ಕಣ್ಣಾರೆ ನೋಡಬೇಕು.

ಆಮೇಲಿನ ಪ್ರಶ್ನೆಗಳು ಸರಳ. ಪಾಯ ಎಷ್ಟು ಆಳ? ಜಂತೆ ಎಷ್ಟು ಇಂಚಿಗೊಂದು? ಗೋಡೆಗೆ ಯಾವುದರಿಂದ ಬಿಗಿಯುತ್ತೀರಿ? ಸಂದು ಯಾವ ಲೆಕ್ಕದಲ್ಲಿ ಬಿಡುತ್ತೀರಿ? ಬಲ್ಲವನು ತಡವರಿಸದೆ ಹೇಳುತ್ತಾನೆ. ಗುಂಡಿ ತೋಡುವ ಮೊದಲು 811ಕ್ಕೆ ಕರೆಮಾಡಿ ನೆಲದಡಿಯ ತಂತಿ, ಅನಿಲ ಕೊಳವೆಗಳ ಗುರುತು ಹಾಕಿಸುತ್ತಾನೆ. ಕಾಂಕ್ರೀಟ್ ಸುರಿಯುವ ಮೊದಲು ನಗರದ ಪರಿಶೀಲಕರು ಬಂದು ಬರಿ ಗುಂಡಿಯ ಆಳ ನೋಡುವ ತನಕ ಕಾಯುತ್ತಾನೆ. ಐದಾರು ಚಳಿಗಾಲ ಕಂಡ ತನ್ನ ಹಳೆಯ ಡೆಕ್ಕೊಂದನ್ನು ತೋರಿಸಲು ಹಿಂಜರಿಯುವುದಿಲ್ಲ. ಹೊಸದಾಗಿ ಮುಗಿಸಿದ ಕೆಲಸದ ಫೋಟೊಗಿಂತ ಅದು ಹೆಚ್ಚು ಹೇಳುತ್ತದೆ.

ಒಪ್ಪಂದದಲ್ಲಿ ಹಲಗೆಯ ಮಾದರಿ, ಮೊಳೆ ಬೋಲ್ಟಿನ ಬಗೆ, ಕಂತುಗಳ ವಿವರ ಬರೆದಿರಬೇಕು. ಸಾಮಗ್ರಿ ಕೊಟ್ಟವರಿಗೆ, ಕೂಲಿಯವರಿಗೆ ಗುತ್ತಿಗೆದಾರ ಹಣ ಬಾಕಿ ಇಟ್ಟರೆ ಅವರು ನಿಮ್ಮ ಮನೆಯ ಮೇಲೆಯೇ ಹಕ್ಕು ಹೂಡಬಹುದು; ಕೊನೆಯ ಕಂತಿಗೆ ಮೊದಲು ಬಾಕಿ ಇಲ್ಲವೆಂಬ ಬರಹ ಪಡೆಯಬೇಕು. ತಯಾರಕರ ವಾರಂಟಿ ಸಾಮಾನ್ಯವಾಗಿ ಹಲಗೆಗೆ ಮಾತ್ರ. ಕಿತ್ತು ಕೂರಿಸುವ ಕೂಲಿ ಅದರಲ್ಲಿ ಸೇರುವುದು ಅಪರೂಪ. ಅದಕ್ಕೆ ಗುತ್ತಿಗೆದಾರನಿಂದ ಬೇರೆಯೇ ಭರವಸೆ ಬರೆಸಿಕೊಳ್ಳಬೇಕು. ಸೂಚನೆ ಮೀರಿ ಕೂರಿಸಿದ್ದಕ್ಕೆ ಹಲಗೆಯ ವಾರಂಟಿಯೂ ಸಿಗುವುದಿಲ್ಲ.

ತೊಂಬತ್ತು ವರ್ಷಗಳ ಸಂಶೋಧನೆ ಮರವನ್ನು ಕೊಳೆಯದಂತೆ ಮಾಡಿತು, ಕಸದ ಚೀಲಕ್ಕೆ ಬಾಳುವೆ ಕೊಟ್ಟಿತು, ಹಲಗೆಗೆ ಹೊದಿಕೆ ತೊಡಿಸಿತು. ಆ ಯಾವ ಜಾಣ್ಮೆಯೂ ಎರಡೇ ಅಡಿ ಆಳದ ಪಾಯವನ್ನು ಸರಿಪಡಿಸಲಾರದು. ಆದ್ದರಿಂದ ಖರ್ಚಿನ ಲೆಕ್ಕ ಬಿಗಿಯಾದರೆ ಹಲಗೆಯಲ್ಲಿ ಒಂದು ದರ್ಜೆ ಕೆಳಗಿಳಿಯಿರಿ, ಡೆಕ್ಕಿನ ಅಳತೆ ಸ್ವಲ್ಪ ತಗ್ಗಿಸಿ. ಪಾಯ, ಚೌಕಟ್ಟು ಮತ್ತು ಕೂರಿಸುವವನ ಕೂಲಿಯಲ್ಲಿ ಮಾತ್ರ ಚೌಕಾಶಿ ಬೇಡ. ನಿಮ್ಮವರೆಲ್ಲ ಒಟ್ಟಿಗೆ ನಿಂತಾಗ ಅವರ ಭಾರ ಹೊರುವುದು ಕಣ್ಣಿಗೆ ಕಾಣದ ಆ ಭಾಗವೇ.