ಅಪ್ಪನ ಲಿವರ್‌ನಲ್ಲಿ ಕೂತಿದ್ದ ಕಬ್ಬಿಣ

ಹೋದ ವರ್ಷ ಯುಗಾದಿಗೆ ಶಿರಾಕ್ಕೆ ಹೋಗಿದ್ದೆ. ಹೊಲದಿಂದ ಬಂದ ಅಪ್ಪ ಕಾಲನ್ನೂ ತೊಳೆಯದೆ ಜಗುಲಿ ಮೇಲೆ ಕೂತುಬಿಟ್ಟರು. ‘ಯಾಕೋ ಸುಸ್ತು ಕಣಪ್ಪ’ ಅಂದರು. ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಲ್ಲೇ ಮೊಬೈಲ್ ತೆಗೆದು ಐರನ್ ಮಾತ್ರೆ, ಮಲ್ಟಿವಿಟಮಿನ್, ಜೊತೆಗೊಂದು ತಾಮ್ರದ ಬಾಟಲಿ ಆರ್ಡರ್ ಮಾಡಿದೆ. ಮಗನ ಕರ್ತವ್ಯ ಮುಗೀತು ಅನ್ನೋ ಸಮಾಧಾನ ನನಗೆ.

ಎರಡು ತಿಂಗಳಾದರೂ ಸುಸ್ತು ಹೋಗಲಿಲ್ಲ. ತುಮಕೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಲಿವರ್ ಎನ್‌ಜೈಮ್ ಏರಿತ್ತು. ಮತ್ತೆರಡು ಪರೀಕ್ಷೆ ಆದಮೇಲೆ ಗೊತ್ತಾಯಿತು: ಹೆಪಟೈಟಿಸ್ ಸಿ.

‘ಒಂದಿನ ಕುಡಿದೋನಲ್ಲ ಸಾರ್, ನಂಗ್ಯಾಕೆ ಬಂತು?’ ಅಪ್ಪನ ಮುಖ ನೋಡೋಕೆ ಆಗಲಿಲ್ಲ. ಡಾಕ್ಟರ್ ಹಳೆಯದನ್ನೆಲ್ಲ ಕೇಳುತ್ತಾ ಹೋದಾಗ 1988ರ ಆಪರೇಷನ್ ವಿಷಯ ಬಂತು. ನಾನು ಹುಟ್ಟುವ ಮುಂಚೆ, ಗಾಡಿಯಿಂದ ಬಿದ್ದು ತೊಡೆ ಮುರಿದು, ಎರಡು ಬಾಟಲಿ ರಕ್ತ ಹಾಕಿಸಿಕೊಂಡಿದ್ದರು. ಈ ವೈರಾಣುವನ್ನು ಗುರುತಿಸಿದ್ದೇ 1989ರಲ್ಲಿ. ಹೆಸರೇ ಇಲ್ಲದ ರೋಗಕ್ಕೆ ಆಗ ಪರೀಕ್ಷೆ ಎಲ್ಲಿಂದ ಬರಬೇಕು? ‘ಆಗ ಬಂದಿರಬಹುದು ಯಜಮಾನ್ರೇ, ನಿಮ್ಮ ತಪ್ಪೇನಿಲ್ಲ’ ಅಂದರು ಡಾಕ್ಟರ್. ಆಮೇಲೆ ನನ್ನ ಕಡೆ ತಿರುಗಿ, ‘ಬೇರೆ ಏನು ಮಾತ್ರೆ ತಗೋತಿದ್ದಾರೆ?’ ಎಂದರು. ನಾನು ಕಳಿಸಿದ್ದ ಡಬ್ಬಿ ತೋರಿಸಿದೆ.

ಅಪ್ಪನಿಗೆ ರಕ್ತಹೀನತೆ ಇರಲೇ ಇಲ್ಲ. ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಗಂಡಸರಿಗೆ ಸುಮಾರು 300ರ ಒಳಗಿರಬೇಕು. ಅಪ್ಪನದು 640. ಲಿವರ್ ಊದಿಕೊಂಡಾಗಲೂ ಈ ಅಂಕಿ ಏರುತ್ತದೆ, ಎಲ್ಲವೂ ಮಾತ್ರೆಯಿಂದಲ್ಲ ಎಂದು ಡಾಕ್ಟರ್ ಹೇಳಿದರು. ಆದರೂ ‘ಇದನ್ನ ಇವತ್ತೇ ನಿಲ್ಲಿಸಿ’ ಅಂದಾಗ ನೆಲ ನೋಡುತ್ತಾ ಕೂತೆ.

ನಮ್ಮ ಮೈಯಲ್ಲಿರುವ ಕಬ್ಬಿಣ ಬರೀ 3ರಿಂದ 4 ಗ್ರಾಂ. ದಿನಕ್ಕೆ ಹೀರಿಕೊಳ್ಳೋದು 1ರಿಂದ 2 ಮಿಲಿಗ್ರಾಂ. ಹೆಚ್ಚಾದದ್ದನ್ನು ಹೊರಹಾಕೋಕೆ ದೇಹಕ್ಕೆ ದಾರಿಯೇ ಇಲ್ಲ, ಆದ್ದರಿಂದ ಒಳಗೆ ಬರುವಾಗಲೇ ತಡೆಯಬೇಕು. ಆ ಬಾಗಿಲು ಕಾಯೋದು ಹೆಪ್ಸಿಡಿನ್ ಎಂಬ ಹಾರ್ಮೋನ್. ಅದನ್ನು ಮಾಡೋದು ಲಿವರ್. ಹೆಪಟೈಟಿಸ್ ಸಿ ಇದ್ದಾಗ ಹೆಪ್ಸಿಡಿನ್ ಕಡಿಮೆಯಾಗಿ ಬಾಗಿಲು ತೆರೆದೇ ಇರುತ್ತದೆ. ನಮ್ಮ ಆಫೀಸ್ ಭಾಷೆಯಲ್ಲಿ ಇದು ಮೆಮೊರಿ ಲೀಕ್. ಹಾಗೆ ತುಂಬಿಕೊಂಡ ಕಬ್ಬಿಣ ಲಿವರ್ ಜೀವಕೋಶಗಳನ್ನು ಸುಟ್ಟು ಗಾಯ ಹೆಚ್ಚಿಸುತ್ತದೆ.

ತಾಮ್ರದ ಲೆಕ್ಕ ಬೇರೆ. ಅದು ಪಿತ್ತದ ಜೊತೆ ಹೊರಗೆ ಹೋಗುತ್ತದೆ. ಪಿತ್ತದ ಹರಿವು ಕಟ್ಟಿಕೊಂಡರೆ ಲಿವರ್‌ನಲ್ಲೇ ನಿಲ್ಲುತ್ತದೆ. ಸತು, ಅಂದರೆ ಝಿಂಕ್, ಉಲ್ಟಾ: ಸಿರೋಸಿಸ್ ತನಕ ಹೋದವರಲ್ಲಿ ಕಡಿಮೆಯಾಗಿ ಬಾಯಿರುಚಿಯೂ ಕೆಡಬಹುದು. ಹಾಗಾಗಿ ಎಲ್ಲ ಖನಿಜಗಳನ್ನೂ ಒಂದೇ ಮಾತ್ರೆಯಲ್ಲಿ ತುಂಬಿ ಕೊಟ್ಟರೆ ಒಳ್ಳೇದು ಅನ್ನೋದು ಲಿವರ್ ರೋಗಿಗೆ ಒಪ್ಪುವ ಮಾತಲ್ಲ.

ಶಿರಾ, ಪಾವಗಡದವರಿಗೆ ಈ ಪಾಠ ಹೊಸದೇನಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲು ಕಂದಾಗಿಸಿದ್ದನ್ನು, ಮೂಳೆ ಬಗ್ಗಿಸಿದ್ದನ್ನು ನೋಡುತ್ತಲೇ ಬೆಳೆದವರು ನಾವು. ಚೂರು ಇದ್ದರೆ ಹಲ್ಲಿಗೆ ಒಳ್ಳೇದು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ತೊಂದರೆ.

ಹಿಂದೆ ಈ ರೋಗಕ್ಕೆ ಇಂಟರ್‌ಫೆರಾನ್ ಇಂಜೆಕ್ಷನ್, ರಿಬಾವಿರಿನ್ ಮಾತ್ರೆ ಕೊಡುತ್ತಿದ್ದರು. ರಿಬಾವಿರಿನ್ ಕೆಂಪು ರಕ್ತಕಣ ಒಡೆಯುತ್ತಿತ್ತು. ಅದರ ಕಬ್ಬಿಣ ಮತ್ತೆ ಲಿವರ್‌ಗೇ ಸೇರುತ್ತಿತ್ತು. ಈಗ ಸೊಫೊಸ್‌ಬುವಿರ್, ಡಕ್ಲಾಟಾಸ್‌ವಿರ್ ಇವೆ. ಅಪ್ಪನಿಗೆ ಸಿರೋಸಿಸ್ ಇರಲಿಲ್ಲ, 12 ವಾರದ ಮಾತ್ರೆ ಸಾಕಾಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಇದು ಎಷ್ಟೋ ಮನೆಗೆ ಗೊತ್ತಿಲ್ಲ.

ಮಾತ್ರೆಗಿಂತ ಕಷ್ಟವಾದದ್ದು ಮನೆಯ ಒಳಗಿನ ಭಯ. ಯಾರೋ ಹೇಳಿದರೆಂದು ಅಮ್ಮ ಅಪ್ಪನಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದರು. ಅಪ್ಪ ಏನೂ ಅನ್ನದೆ, ಪಡಸಾಲೆಯ ಮೂಲೆಯಲ್ಲಿ ಒಬ್ಬರೇ ಮುದ್ದೆ ನುಂಗುತ್ತಿದ್ದರು. ಇದು ಹರಡೋದು ರಕ್ತದಿಂದ: ಸೂಜಿ, ರೇಜರ್ ಹಂಚಿಕೊಳ್ಳಬಾರದು. ಊಟ, ತಟ್ಟೆ, ಮುಟ್ಟುವುದರಿಂದ ಹರಡಲ್ಲ. ಇದನ್ನ ನಾನು ಬಾಯಲ್ಲಿ ಹೇಳಿದ್ದು ಸಾಲಲಿಲ್ಲ. ಒಂದು ರಾತ್ರಿ ಅಪ್ಪನ ತಟ್ಟೆಯಿಂದಲೇ ಮುದ್ದೆ ಮುರಿದು ತಿಂದೆ. ಅಮ್ಮ ನೋಡುತ್ತಾ ನಿಂತರು. ಮಾರನೇ ದಿನ ಆ ಬೇರೆ ತಟ್ಟೆ ಅಟ್ಟ ಸೇರಿತ್ತು.

ಮಾತ್ರೆ ಮುಗಿದು 12 ವಾರದ ಮೇಲೆ ಮಾಡಿದ ಪರೀಕ್ಷೆಯಲ್ಲಿ ವೈರಾಣು ಇರಲಿಲ್ಲ. ಫೆರಿಟಿನ್ 210ಕ್ಕೆ ಇಳಿದಿತ್ತು. ರಿಪೋರ್ಟನ್ನು ಫೋಟೊ ತೆಗೆದು ವಾಟ್ಸಾಪ್ ಮಾಡಿದ್ದು ಅಮ್ಮ.

ಊರಲ್ಲಿರುವ ಅಪ್ಪ-ಅಮ್ಮನಿಗೆ ಸುಸ್ತು ಅಂದ ತಕ್ಷಣ ಮಾತ್ರೆ ಆರ್ಡರ್ ಮಾಡುವ ನನ್ನಂಥವರು ತುಂಬ ಜನ ಇದ್ದೀರಿ. ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ. ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದರಾ ಅಂತ ಕೇಳಿ. ನಾನು ಕೇಳಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು.