ಪೆನಿಸಿಲಿನ್ನನ್ನು ಮುರಿಯುವ ಕಿಣ್ವ

ರೋಗಾಣುಗಳ ಔಷಧನಿರೋಧವು ಔಷಧದ ಬಳಕೆಯ ತರುವಾಯ ಹುಟ್ಟಿದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಾಲಾನುಕ್ರಮವು ಬೇರೆಯದನ್ನೇ ತಿಳಿಸುತ್ತದೆ. ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವೊಂದು ಬ್ಯಾಕ್ಟೀರಿಯಗಳಲ್ಲಿದೆಯೆಂದು ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೈನ್ ಅವರು 1940ರ ಡಿಸೆಂಬರಿನಲ್ಲಿಯೇ ಪ್ರಕಟಿಸಿದರು. ಅವರ ತಂಡವು ಸೋಂಕುಪೀಡಿತ ರೋಗಿಯೊಬ್ಬರಿಗೆ ಪೆನಿಸಿಲಿನ್ ಕೊಡತೊಡಗಿದುದು 1941ರ ಫೆಬ್ರವರಿಯಲ್ಲಿ.

ಈ ಔಷಧದ ಶಕ್ತಿಯು ಅದರ ಅಣುವಿನಲ್ಲಿರುವ, ನಾಲ್ಕು ಪರಮಾಣುಗಳ ಬೀಟಾ-ಲ್ಯಾಕ್ಟಮ್ ಉಂಗುರದಲ್ಲಿದೆ. ಬ್ಯಾಕ್ಟೀರಿಯದ ಕೋಶಭಿತ್ತಿಯನ್ನು ಕಟ್ಟುವ ಕಿಣ್ವಗಳಿಗೆ ಅದು ಅಂಟಿಕೊಂಡು ಅವುಗಳ ಕೆಲಸವನ್ನು ನಿಲ್ಲಿಸುತ್ತದೆ. ಪೆನಿಸಿಲಿನೇಸ್ ಎಂಬ ಕಿಣ್ವವಾದರೋ ನೀರಿನ ಅಣುವೊಂದರ ನೆರವಿನಿಂದ ಆ ಉಂಗುರವನ್ನೇ ಬಿಡಿಸುತ್ತದೆ. ಔಷಧವು ನಿಷ್ಪ್ರಯೋಜಕವಾಗುತ್ತದೆ, ಕಿಣ್ವವು ಮಾತ್ರ ಸವೆಯದೆ ಮತ್ತೊಂದು ಅಣುವಿನತ್ತ ತಿರುಗುತ್ತದೆ.

ಆದುದರಿಂದ ಈ ಕಿಣ್ವವನ್ನು ಸೃಷ್ಟಿಸಿದುದು ನಮ್ಮ ಔಷಧವಲ್ಲ. ಕಿಣ್ವವಿಲ್ಲದ ರೋಗಾಣುಗಳನ್ನು ಅಳಿಸಿ, ಅದುಳ್ಳವುಗಳಿಗೆ ಎಡೆಮಾಡಿಕೊಟ್ಟು, ವಿರಳವಾದುದನ್ನು ಬಹುಳವಾಗಿಸಿದುದು ನಮ್ಮ ಬಳಕೆ. ಅನವಶ್ಯಕವಾಗಿ ನುಂಗಿದ ಪ್ರತಿಯೊಂದು ಗುಳಿಗೆಯೂ ಆ ಆಯ್ಕೆಯನ್ನು ಮುಂದುವರಿಸುತ್ತದೆ.